ಪಟ್ಟಿಗೆ ಸೇರಿಸಿದ್ದೂ ಅವರೇ, ತೆಗೆದದ್ದೂ ಅವರೇ

ಇರಾನ್ ಸುದ್ದಿಯಲ್ಲಿರುವಾಗೆಲ್ಲ ಅದರ ದೇಶಭ್ರಷ್ಟ ವಿರೋಧಿ ಸಂಘಟನೆ ‘ಮುಜಾಹಿದೀನ್-ಎ-ಖಲ್ಕ್’ ಬಗ್ಗೆ ಪತ್ರಗಳು ಬರುತ್ತವೆ. ಈ ಸಲ ಅವುಗಳಲ್ಲಿ ಕೆಲವಕ್ಕೆ ಉತ್ತರ.

ಪ್ರಶ್ನೆ: ಈ ಸಂಘಟನೆಯನ್ನು ಅಮೆರಿಕ 1997ರಲ್ಲಿ ಭಯೋತ್ಪಾದಕರ ಪಟ್ಟಿಗೆ ಹಾಕಿ 2012ರಲ್ಲಿ ಕೈಬಿಟ್ಟಿತು. ಈಗ ಅಮೆರಿಕದ ದೊಡ್ಡ ದೊಡ್ಡವರೇ ಅದರ ವೇದಿಕೆ ಹತ್ತುತ್ತಾರೆ. ಹದಿನೈದು ವರ್ಷದಲ್ಲಿ ಭಯೋತ್ಪಾದಕರು ಸಾಧುಗಳಾಗಿಬಿಟ್ಟರೇ? — ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಬಂದೂಕು ಅವರ ಕೈಬಿಟ್ಟುಹೋಗಿತ್ತು, ಅದು ನಿಜ. ಆದರೆ ಪಟ್ಟಿಗೆ ಸೇರಿಸಿದ ದಿನ ಯಾವುದು, ತೆಗೆದ ದಿನ ಯಾವುದು ಎಂದು ನೋಡಿದರೆ ಬೇರೆ ಕಥೆಯೂ ಕಾಣುತ್ತದೆ.

ಅಮೆರಿಕ ಇಂಥದ್ದೊಂದು ಪಟ್ಟಿಯನ್ನು ಮೊದಲ ಬಾರಿಗೆ ಹೊರಡಿಸಿದ್ದು 1997ರ ಅಕ್ಟೋಬರ್‌ನಲ್ಲಿ. ನಮಗೆ ಚೆನ್ನಾಗಿ ಗೊತ್ತಿರುವ ಎಲ್‌ಟಿಟಿಇ ಕೂಡ ಅದೇ ಪಟ್ಟಿಯಲ್ಲಿತ್ತು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಇರಾನಿನಲ್ಲಿ ಉದಾರವಾದಿ ಎನಿಸಿಕೊಂಡ ಮೊಹಮ್ಮದ್ ಖಾತಮಿ ಅಧ್ಯಕ್ಷರಾಗಿದ್ದರು. ಮುಜಾಹಿದೀನ್ ಹೆಸರನ್ನು ಸೇರಿಸಿದ್ದು ಖಾತಮಿಯವರಿಗೆ ತೋರಿಸಿದ ಸದ್ಭಾವನೆ ಎಂದು ಕ್ಲಿಂಟನ್ ಆಡಳಿತದ ಹಿರಿಯ ಅಧಿಕಾರಿಯೊಬ್ಬರೇ ಪತ್ರಕರ್ತರಿಗೆ ಹೇಳಿದ್ದರು. ಹಾಗೆಂದು ಆರೋಪಗಳು ಟೊಳ್ಳೇನಲ್ಲ. ಎಪ್ಪತ್ತರ ದಶಕದಲ್ಲಿ ಟೆಹ್ರಾನಿನಲ್ಲಿ ಅಮೆರಿಕದ ಸೇನಾಧಿಕಾರಿಗಳೂ ಗುತ್ತಿಗೆ ಕಂಪನಿಯ ನೌಕರರೂ ಕೊಲೆಯಾಗಿದ್ದರು. ಅದು ನಮ್ಮಿಂದ ಒಡೆದುಹೋದ ಮಾರ್ಕ್ಸ್‌ವಾದಿ ಬಣದ ಕೆಲಸ ಎಂದು ಸಂಘಟನೆ ಹೇಳುತ್ತದೆ, ಅಮೆರಿಕ ಒಪ್ಪುವುದಿಲ್ಲ. 1992ರ ಏಪ್ರಿಲ್‌ನಲ್ಲಿ ಇರಾಕಿನಲ್ಲಿದ್ದ ಇವರ ಶಿಬಿರದ ಮೇಲೆ ಇರಾನಿನ ವಿಮಾನಗಳು ಬಾಂಬು ಹಾಕಿದಾಗ, ಬೆಂಬಲಿಗರು ಹದಿಮೂರು ದೇಶಗಳಲ್ಲಿ ಇರಾನಿನ ರಾಯಭಾರ ಕಚೇರಿಗಳಿಗೆ ನುಗ್ಗಿ ದಾಂಧಲೆ ಮಾಡಿದರು. ಅದರಲ್ಲಿ ನ್ಯೂಯಾರ್ಕಿನ ಕಚೇರಿಯೂ ಒಂದು.

ಬ್ರಿಟನ್ 2001ರಲ್ಲಿ ನಿಷೇಧಿಸಿತು. ಲಷ್ಕರ್-ಎ-ತಯಬಾ, ಜೈಶ್-ಎ-ಮೊಹಮ್ಮದ್, ಬಬ್ಬರ್ ಖಾಲ್ಸಾ ಎಲ್ಲವೂ ಅದೇ ಆದೇಶದಲ್ಲಿದ್ದವು. 2002ರಲ್ಲಿ ಐರೋಪ್ಯ ಒಕ್ಕೂಟದ ಸರದಿ. 2004ರ ನವೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಜರ್ಮನಿ ಮೂರೂ ಸೇರಿ ಇರಾನಿನ ಜತೆ ಪರಮಾಣು ಒಪ್ಪಂದ ಮಾಡಿಕೊಂಡವು. ಯುರೇನಿಯಂ ಸಂವರ್ಧನೆ ನಿಲ್ಲಿಸುವ ಆ ಕಾಗದದೊಳಗೆ, ಅಲ್ ಖೈದಾ ಮತ್ತು ಮುಜಾಹಿದೀನ್‌ನಂಥ ಗುಂಪುಗಳ ವಿರುದ್ಧ ಹೋರಾಡುತ್ತೇವೆ ಎಂಬ ಮಾತೂ ಬಂದು ಕೂತಿತು. ಪರಮಾಣು ಒಪ್ಪಂದಕ್ಕೂ ಇವರಿಗೂ ಏನು ಸಂಬಂಧ ಎಂದರೆ, ನತಾಂಜ್ ಮತ್ತು ಅರಾಕ್‌ನ ಗುಪ್ತ ಸ್ಥಾವರಗಳ ಸುದ್ದಿಯನ್ನು 2002ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಪತ್ರಿಕಾಗೋಷ್ಠಿ ಕರೆದು ಜಗತ್ತಿಗೆ ಹೇಳಿದ್ದು ಇವರ ರಾಜಕೀಯ ಅಂಗವೇ! ಗುಟ್ಟು ಬಯಲಾದದ್ದರಿಂದಲೇ ಮಾತುಕತೆ ಶುರುವಾಯಿತು. ಗುಟ್ಟು ಒಡೆದವರ ಹೆಸರನ್ನು ಮಾತುಕತೆಯ ಮೇಜಿನ ಮೇಲೆ ದಕ್ಷಿಣೆಯಾಗಿ ಇಟ್ಟರು.

ತೆಗೆದದ್ದು ಹೇಗೆ? ಸರ್ಕಾರಗಳು ತಾವಾಗಿ ತೆಗೆಯಲಿಲ್ಲ, ನ್ಯಾಯಾಲಯಗಳು ತೆಗೆಸಿದವು. ಲಂಡನ್ನಿನಲ್ಲಿ 35 ಸಂಸದರು ಮೇಲ್ಮನವಿ ಹಾಕಿದರು. ಗುಪ್ತ ದಾಖಲೆಗಳನ್ನೂ ತರಿಸಿ ನೋಡಿದ ನ್ಯಾಯಮಂಡಳಿ, 2001ರ ನಂತರ ಇವರು ಸಶಸ್ತ್ರ ದಾಳಿ ನಡೆಸಿಲ್ಲ, 2003ರಲ್ಲಿ ನಿಶ್ಶಸ್ತ್ರರಾದ ಮೇಲೆ ಮತ್ತೆ ಶಸ್ತ್ರ ಕೂಡಿಸಲು ಹೋಗಿಲ್ಲ, ಹಾಗಿದ್ದೂ ನಿಷೇಧ ಮುಂದುವರಿಸಿದ್ದು ವಿವೇಕಹೀನ ಎಂದು 2007ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಮರುವರ್ಷ ಬ್ರಿಟನ್, 2009ರ ಜನವರಿಯಲ್ಲಿ ಐರೋಪ್ಯ ಒಕ್ಕೂಟ ಹೆಸರು ತೆಗೆದವು. ವಾಷಿಂಗ್ಟನ್ನಿನಲ್ಲೂ ಅಷ್ಟೆ: ನಾಲ್ಕು ತಿಂಗಳಲ್ಲಿ ಏನಾದರೊಂದು ತೀರ್ಮಾನ ಹೇಳಿ ಎಂದು ನ್ಯಾಯಾಲಯ ಗಡುವು ಹಾಕಿತ್ತು. ಗಡುವು ಮುಗಿಯಲು ಮೂರು ದಿನ ಇದ್ದಾಗ, 2012ರ ಸೆಪ್ಟೆಂಬರ್ 28ರಂದು, ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಹೆಸರು ತೆಗೆದರು. ಹಳೆಯದನ್ನು ಮರೆತಿಲ್ಲ, ಸದಸ್ಯರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಆತಂಕ ಹಾಗೇ ಇದೆ ಎಂದು ವಿದೇಶಾಂಗ ಇಲಾಖೆ ಅದನ್ನು ಸಾರಿದ ಹೇಳಿಕೆಯಲ್ಲೇ ಬರೆದುಕೊಂಡಿತು.

ನ್ಯಾಯಾಲಯದ ಹೊರಗೆ ಇನ್ನೊಂದು ವ್ಯವಹಾರವೂ ನಡೆದಿತ್ತು. ಹೆಸರು ಪಟ್ಟಿಯಲ್ಲಿದ್ದಾಗಲೇ ಅಮೆರಿಕದ ಮಾಜಿ ಗವರ್ನರುಗಳು, ನಿವೃತ್ತ ಜನರಲ್‌ಗಳು ಇವರ ಪರವಾಗಿ ಭಾಷಣ ಮಾಡಿ ಸಂಭಾವನೆ ಪಡೆಯುತ್ತಿದ್ದರು. ಜಾನ್ ಬೋಲ್ಟನ್ 2017ರಲ್ಲಿ ಪ್ಯಾರಿಸ್ಸಿನ ಸಮಾವೇಶದಲ್ಲಿ ಆಡಿದ ಭಾಷಣಕ್ಕೆ ಪಡೆದದ್ದು 40 ಸಾವಿರ ಡಾಲರ್. ಟ್ರಂಪ್ ಅವರ ರಾಷ್ಟ್ರೀಯ ಭದ್ರತಾ ಸಲಹೆಗಾರರಾದಾಗ ಆಸ್ತಿ ವಿವರದಲ್ಲಿ ಅವರೇ ತೋರಿಸಿದ ಲೆಕ್ಕ ಅದು. ವೇದಿಕೆ ಹತ್ತುವವರ ಬಗ್ಗೆ ಕೇಳಿದಿರಲ್ಲ, ಅದಕ್ಕೆ ಹೇಳಿದೆ.

ಪ್ರಶ್ನೆ: ಹೆಸರಿನಲ್ಲಿ ಮುಜಾಹಿದ್ ಇದೆ, ಆದರೆ ಕಮ್ಯುನಿಸ್ಟರು ಅಂತಲೂ ಓದಿದ್ದೇನೆ. ಇವರು ಯಾರು ಸ್ವಾಮಿ? — ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡೂ ಹೌದು. ಇರಾನಿನ ದೊರೆ ಶಾ ಆಡಳಿತದ ವಿರುದ್ಧ 1965ರಲ್ಲಿ ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಓದಿದ ಮೂವರು ಯುವಕರು ಕಟ್ಟಿದ ಗುಂಪು ಇದು. ಒಂದು ಕೈಯಲ್ಲಿ ಕುರಾನ್, ಇನ್ನೊಂದರಲ್ಲಿ ಮಾರ್ಕ್ಸ್. ಹೆಸರಿನ ಅರ್ಥ ‘ಜನತೆಯ ಹೋರಾಟಗಾರರು’. ಆ ಮೂವರನ್ನೂ ಶಾ ಸರ್ಕಾರ 1972ರಲ್ಲಿ ಗುಂಡಿಕ್ಕಿ ಕೊಂದಿತು. ಉಳಿದುಕೊಂಡ ಮುಖಂಡ ಮಸೂದ್ ರಜವಿ 1979ರ ಜನವರಿಯಲ್ಲಿ, ಕ್ರಾಂತಿಯ ಹೊತ್ತಿಗೆ, ಜೈಲಿನಿಂದ ಹೊರಬಂದರು.

ಕ್ರಾಂತಿಯ ನಾಯಕ ಅಯತೊಲ್ಲಾ ಖೊಮೇನಿಯ ಜತೆ ಹೆಗಲು ಕೊಟ್ಟವರು ಎರಡೇ ವರ್ಷದಲ್ಲಿ ಅವರ ಪರಮವೈರಿಗಳಾದರು. 1981ರ ಜೂನ್ 20ರ ಮೆರವಣಿಗೆಯ ಮೇಲೆ ಗುಂಡು ಹಾರಿತು. ಎಂಟೇ ದಿನಕ್ಕೆ ಆಡಳಿತ ಪಕ್ಷದ ಕಚೇರಿ ಸ್ಫೋಟಗೊಂಡು ಪಕ್ಷದ ನಾಯಕ ಅಯತೊಲ್ಲಾ ಬೆಹೆಷ್ತಿ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ ಕೊನೆಯಲ್ಲಿ ಅಧ್ಯಕ್ಷ ರಜಾಯಿ, ಪ್ರಧಾನಿ ಬಾಹೊನರ್ ಇಬ್ಬರೂ ಇನ್ನೊಂದು ಬಾಂಬಿಗೆ ಬಲಿಯಾದರು. ಸರ್ಕಾರ ಬೆರಳು ತೋರಿಸಿದ್ದು ಇವರ ಕಡೆಗೆ. ಅಷ್ಟರಲ್ಲಿ ರಜವಿ, ಪದಚ್ಯುತ ಅಧ್ಯಕ್ಷ ಬನಿಸದ್ರ್ ಅವರ ಜತೆ ವಾಯುಪಡೆಯ ಬೋಯಿಂಗ್ 707 ವಿಮಾನವನ್ನೇ ಹತ್ತಿ ಪ್ಯಾರಿಸ್ಸಿಗೆ ಹಾರಿಯಾಗಿತ್ತು.

ಇರಾನ್ ಸರ್ಕಾರ ಇವರನ್ನು ‘ಮುಜಾಹಿದೀನ್’ ಎನ್ನುವುದಿಲ್ಲ, ‘ಮೊನಾಫೆಕೀನ್’ ಎನ್ನುತ್ತದೆ. ಅಂದರೆ ಒಳಗೊಂದು ಹೊರಗೊಂದು ಇರುವ ಕಪಟಿಗಳು. ಇದು ಬರೀ ಬೈಗುಳವಲ್ಲ. 1988ರ ಜುಲೈ ಕೊನೆಯಿಂದ ಜೈಲುಗಳಲ್ಲಿದ್ದ ರಾಜಕೀಯ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಒಂದು ಸಮಿತಿಯ ಮುಂದೆ ನಿಲ್ಲಿಸಿ ‘ನೀನು ಯಾವ ಸಂಘಟನೆ?’ ಎಂದು ಕೇಳುತ್ತಿದ್ದರು. ‘ಮುಜಾಹಿದೀನ್’ ಎಂದವರ ವಿಚಾರಣೆ ಅಲ್ಲಿಗೇ ಮುಗಿಯಿತು, ನೇಣು. ‘ಮೊನಾಫೆಕೀನ್’ ಎಂದವರಿಗೆ ಮುಂದಿನ ಪ್ರಶ್ನೆ. ಹೀಗೆ ಸತ್ತವರು ಸಾವಿರಾರು. ಖೊಮೇನಿಯ ಉತ್ತರಾಧಿಕಾರಿ ಎನಿಸಿದ್ದ ಅಯತೊಲ್ಲಾ ಮೊಂತಜೆರಿ ಇದನ್ನು ಪ್ರತಿಭಟಿಸಿ ಸ್ಥಾನ ಕಳೆದುಕೊಂಡರು. ಟೆಹ್ರಾನಿನ ಸಮಿತಿಯಲ್ಲಿ ಕೂತಿದ್ದವರಲ್ಲಿ ಒಬ್ಬರು ಇಬ್ರಾಹಿಂ ರಯೀಸಿ. 2021ರಲ್ಲಿ ಅವರು ಅಧ್ಯಕ್ಷರಾದರು.

ಪ್ರಶ್ನೆ: ಇಷ್ಟೆಲ್ಲ ಅನುಭವಿಸಿದ್ದರೆ ಇರಾನಿನ ಜನ ಇವರ ಬೆನ್ನಿಗೆ ನಿಲ್ಲಬೇಕಿತ್ತಲ್ಲ? — ಓದುಗರು, ಮಂಗಳೂರು

ಉತ್ತರ: ನಿಲ್ಲದಿರಲು ಒಂದೇ ಹೆಸರು ಸಾಕು: ಸದ್ದಾಂ ಹುಸೇನ್. 1986ರಲ್ಲಿ ಫ್ರಾನ್ಸ್‌ಗೆ ಟೆಹ್ರಾನಿನ ಜತೆ ರಾಜಿ ಬೇಕಿತ್ತು. ಲೆಬನಾನಿನಲ್ಲಿ ಫ್ರೆಂಚರು ಒತ್ತೆಯಾಳುಗಳಾಗಿದ್ದರು. ರಜವಿಯನ್ನು ಹೊರಡಿ ಎಂದರು. ಅವರು ಹೋಗಿದ್ದು ಬಾಗ್ದಾದಿಗೆ, ಅದೂ ಇರಾನ್-ಇರಾಕ್ ಯುದ್ಧ ಉರಿಯುತ್ತಿದ್ದಾಗ. ಮನೆಗೊಬ್ಬ ಮಗನನ್ನು ಗಡಿಯಲ್ಲಿ ಕಳೆದುಕೊಂಡ ದೇಶ ಅದು. ಶತ್ರುವಿನ ಟ್ಯಾಂಕು ಹತ್ತಿ ಬಂದವರನ್ನು ಹೇಗೆ ಕ್ಷಮಿಸಿಯಾರು?

ಟ್ಯಾಂಕು ಹತ್ತಿ ಬಂದದ್ದು ಅಕ್ಷರಶಃ ನಿಜ. 1988ರ ಜುಲೈನಲ್ಲಿ ಇರಾನ್ ಕದನವಿರಾಮಕ್ಕೆ ಒಪ್ಪಿದ ಕೆಲವೇ ದಿನಕ್ಕೆ ಇವರ ‘ರಾಷ್ಟ್ರೀಯ ವಿಮೋಚನಾ ಸೇನೆ’ ಗಡಿ ದಾಟಿತು. ದಾರಿಯುದ್ದಕ್ಕೂ ಜನ ಎದ್ದು ಕೂಡಿಕೊಳ್ಳುತ್ತಾರೆ, ಟೆಹ್ರಾನ್ ತಲುಪಿಬಿಡುತ್ತೇವೆ ಎಂಬ ಎಣಿಕೆ. ಇರಾನಿನದೇ ಕೆರೆಂದ್, ಇಸ್ಲಾಮಾಬಾದ್ ಪಟ್ಟಣಗಳನ್ನು ದಾಟಿದವರನ್ನು ಕೆರ್ಮಾನ್‌ಶಾಹ್‌ಗೆ ಮುಂಚಿನ ಕಣಿವೆಯಲ್ಲಿ ಇರಾನಿನ ಸೇನೆ ಅಡ್ಡಗಟ್ಟಿತು. ಹೆದ್ದಾರಿಯ ಮೇಲೆ ಸಾಲಾಗಿ ನಿಂತ ವಾಹನಗಳನ್ನು ಆಕಾಶದಿಂದ ಹೊಡೆಯುವುದು ಎಷ್ಟು ಹೊತ್ತಿನ ಕೆಲಸ? ಸಾವಿರಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಕೂಡಿಕೊಳ್ಳಲು ಯಾರೂ ಬರಲಿಲ್ಲ.

ಹಾಗಂತ ಒಳಗೆ ಇವರ ಕಡೆಯವರು ಯಾರೂ ಇಲ್ಲವೆಂದಲ್ಲ. 2025ರ ಜುಲೈನಲ್ಲೂ ಈ ಸಂಘಟನೆಯ ಸದಸ್ಯರೆಂಬ ಆರೋಪದ ಮೇಲೆ ಬೆಹ್ರೂಜ್ ಎಹ್ಸಾನಿ, ಮೆಹ್ದಿ ಹಸನಿ ಎಂಬಿಬ್ಬರನ್ನು ನೇಣಿಗೇರಿಸಲಾಯಿತು.

ಪ್ರಶ್ನೆ: ಅಲ್ಬೇನಿಯಾಕ್ಕೂ ಇರಾನಿಗೂ ಎತ್ತಣಿಂದೆತ್ತ ಸಂಬಂಧ? ಇವರು ಅಲ್ಲಿಗೆ ಹೇಗೆ ಹೋದರು? — ಕಾರವಾರದ ಒಬ್ಬ ಓದುಗ

ಉತ್ತರ: ಬಾಗ್ದಾದಿನ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ದಿಯಾಲಾ ಪ್ರಾಂತ್ಯದ ಬಯಲಿನಲ್ಲಿ, ಸದ್ದಾಂ ಕೊಟ್ಟ ಜಾಗದಲ್ಲಿ ಇವರು ಒಂದು ಊರನ್ನೇ ಕಟ್ಟಿದ್ದರು. ರಜವಿಯ ಮೊದಲ ಹೆಂಡತಿ ಅಶ್ರಫ್ 1982ರಲ್ಲಿ ಟೆಹ್ರಾನಿನ ಮನೆಯೊಂದರ ಮೇಲೆ ನಡೆದ ದಾಳಿಯಲ್ಲಿ ಸತ್ತಿದ್ದರು, ಊರಿಗೆ ಅವರದೇ ಹೆಸರು. ಬೇಕರಿ, ಆಸ್ಪತ್ರೆ, ಮಸೀದಿ, ಹೂತೋಟ, ಹುತಾತ್ಮರ ಸ್ಮಶಾನ ಎಲ್ಲ ಇತ್ತು. 2003ರಲ್ಲಿ ಸದ್ದಾಂ ವಿರುದ್ಧ ಯುದ್ಧಕ್ಕಿಳಿದ ಅಮೆರಿಕದ ವಿಮಾನಗಳು ಮೊದಲು ಇವರ ನೆಲೆಗಳ ಮೇಲೂ ಬಾಂಬು ಹಾಕಿದವು, ಆಮೇಲೆ ಕದನವಿರಾಮ, ಆಮೇಲೆ ನಿಶ್ಶಸ್ತ್ರೀಕರಣ. ಒಳಗಿದ್ದವರು ಸುಮಾರು 3,800 ಜನ.

ಈಗ ನೋಡಿ ತಮಾಷೆ. ಅಮೆರಿಕದ ವಿದೇಶಾಂಗ ಇಲಾಖೆಯ ಪಟ್ಟಿಯಲ್ಲಿ ಇವರು ಭಯೋತ್ಪಾದಕರು. ಅದೇ ದೇಶದ ಸೇನೆ 2004ರಲ್ಲಿ ಇವರಿಗೆ ಜಿನೀವಾ ಒಪ್ಪಂದದ ಪ್ರಕಾರ ‘ರಕ್ಷಿತ ವ್ಯಕ್ತಿಗಳು’ ಎಂಬ ಸ್ಥಾನ ಕೊಟ್ಟು ಗೇಟಿನಲ್ಲಿ ಕಾವಲು ನಿಂತಿತು. ಶಿಬಿರಕ್ಕೆ ಸಾಮಾನು ತರುವ ಲಾರಿಗಳಿಗೆ ಅಮೆರಿಕದ ಸೈನಿಕರ ಬೆಂಗಾವಲು! ವರ್ಷಗಟ್ಟಲೆ ಹೀಗೆ ನಡೆಯಿತು.

2009ರಲ್ಲಿ ಕಾವಲನ್ನು ಇರಾಕಿಗೆ ಬಿಟ್ಟುಕೊಟ್ಟರು. ಆ ಹೊತ್ತಿಗೆ ಬಾಗ್ದಾದಿನ ಸರ್ಕಾರ ಟೆಹ್ರಾನಿನ ಸ್ನೇಹಿತ. ಅತ್ತ ದರಿ, ಇತ್ತ ಪುಲಿ. ಅದೇ ಜುಲೈನಲ್ಲಿ ಇರಾಕಿ ಪಡೆಗಳು ಶಿಬಿರಕ್ಕೆ ನುಗ್ಗಿದವು. 2011ರ ಏಪ್ರಿಲ್‌ನ ದಾಳಿಯಲ್ಲಿ 34 ಜನ ಸತ್ತರೆಂದು ವಿಶ್ವಸಂಸ್ಥೆ ಲೆಕ್ಕ ಕೊಟ್ಟಿತು. ಬಹುಪಾಲು ಜನರನ್ನು ಬಾಗ್ದಾದ್ ವಿಮಾನ ನಿಲ್ದಾಣದ ಬಳಿಯ ‘ಲಿಬರ್ಟಿ’ ಎಂಬ ಅಮೆರಿಕದ ಹಳೆಯ ಸೇನಾನೆಲೆಗೆ ಸಾಗಿಸಲಾಯಿತು. ಹೆಸರು ಲಿಬರ್ಟಿ, ಬದುಕು ತಗಡಿನ ಡಬ್ಬಗಳಲ್ಲಿ, ಮೇಲಿಂದ ಆಗಾಗ ರಾಕೆಟ್ಟು. ಅಶ್ರಫ್‌ನಲ್ಲಿ ಆಸ್ತಿ ಕಾಯಲು ಉಳಿದ ನೂರು ಜನರಲ್ಲಿ 52 ಮಂದಿಯನ್ನು 2013ರ ಸೆಪ್ಟೆಂಬರ್ 1ರಂದು ಕೊಲ್ಲಲಾಯಿತು.

ಎಲ್ಲಿಗಾದರೂ ಕಳಿಸಲೇಬೇಕಾಗಿತ್ತು. ದೊಡ್ಡ ದೇಶಗಳು ಗುಂಪಾಗಿ ಕರೆದುಕೊಳ್ಳಲು ಒಪ್ಪಲಿಲ್ಲ. ಅಮೆರಿಕ ಕೇಳಿದಾಗ ಇಲ್ಲವೆನ್ನದ ದೇಶ ಅಲ್ಬೇನಿಯಾ. ಮೂವತ್ತು ಲಕ್ಷವೂ ಜನರಿಲ್ಲ, 2009ರಲ್ಲಿ ತಾನೇ ನ್ಯಾಟೋ ಸೇರಿತ್ತು. 2013ರಲ್ಲಿ ಮೊದಲ ತಂಡ, 2016ರ ಸೆಪ್ಟೆಂಬರ್‌ನಲ್ಲಿ ಕೊನೆಯದು. ಈಗ ತಿರಾನಾ ಮತ್ತು ದುರೆಸ್ ನಡುವಿನ ಮಾನೆಜ್ ಎಂಬಲ್ಲಿ ‘ಅಶ್ರಫ್-3’ ಎಂಬ ಹೊಸ ಬಡಾವಣೆ ಇದೆ.

ಅಲ್ಬೇನಿಯಾ ಇದಕ್ಕೆ ಬೆಲೆ ತೆತ್ತಿದೆ. 2022ರ ಜುಲೈನಲ್ಲಿ ಅದರ ಸರ್ಕಾರಿ ಜಾಲತಾಣಗಳ ಮೇಲೆ ಸೈಬರ್ ದಾಳಿಯಾಗಿ ಸೇವೆಗಳೇ ನಿಂತುಹೋದವು. ಇರಾನಿನ ಕೈವಾಡವೆಂದು ಹೇಳಿ ಸೆಪ್ಟೆಂಬರ್‌ನಲ್ಲಿ ಅಲ್ಬೇನಿಯಾ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಮರುವರ್ಷ ಜೂನ್‌ನಲ್ಲಿ ಅದೇ ಅಲ್ಬೇನಿಯಾದ ಪೊಲೀಸರು ಶಿಬಿರಕ್ಕೆ ನುಗ್ಗಿ ಕಂಪ್ಯೂಟರುಗಳನ್ನು ಹೊತ್ತೊಯ್ದರು. ಇಲ್ಲಿ ಕೂತು ರಾಜಕೀಯ ಮಾಡುವುದಿಲ್ಲ ಎಂಬ ಮಾತನ್ನು ಮುರಿದಿದ್ದಾರೆ ಎಂಬುದು ಆರೋಪ. ಉಪಕಾರ ಮಾಡಿದವರೂ ಸುಸ್ತಾಗುತ್ತಾರೆ.

ಪ್ರಶ್ನೆ: ಇದು ರಾಜಕೀಯ ಪಕ್ಷವೋ, ಮಠವೋ? ಸದಸ್ಯರಿಗೆ ಮದುವೆಯೇ ನಿಷಿದ್ಧವಂತೆ. — ಗೃಹಿಣಿ, ಮೈಸೂರು

ಉತ್ತರ: ಕೇಳಿದ್ದು ಸರಿಯಾಗಿದೆ. ಮಸೂದ್ ರಜವಿ 1985ರಲ್ಲಿ ತಮ್ಮ ಆಪ್ತ ಸಹಚರನಿಂದ ಆಗಷ್ಟೇ ವಿಚ್ಛೇದನ ಪಡೆದಿದ್ದ ಮರಿಯಮ್ ಅವರನ್ನು ಮದುವೆಯಾಗಿ, ಅದನ್ನೇ ‘ಸೈದ್ಧಾಂತಿಕ ಕ್ರಾಂತಿ’ ಎಂದು ಸಾರಿದರು. 1989ರ ನಂತರ ಶಿಬಿರದ ದಂಪತಿಗಳೆಲ್ಲ ವಿಚ್ಛೇದನ ಪಡೆಯಬೇಕಾಯಿತು. 1991ರ ಸುಮಾರಿಗೆ ನೂರಾರು ಮಕ್ಕಳನ್ನು ಯುರೋಪ್, ಅಮೆರಿಕದ ಬೆಂಬಲಿಗರ ಮನೆಗಳಿಗೆ ಕಳಿಸಿಬಿಟ್ಟರು. ಬಿಟ್ಟುಹೋಗಲು ಬಯಸಿದವರನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿ ಹಿಂಸಿಸಿದ ಬಗ್ಗೆ ಮಾಜಿ ಸದಸ್ಯರ ಹೇಳಿಕೆಗಳನ್ನು ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2005ರಲ್ಲಿ ಪ್ರಕಟಿಸಿತು. ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯ 2009ರ ವರದಿಯೂ ಇದೇ ಧಾಟಿಯದು. ಇವೆಲ್ಲ ಟೆಹ್ರಾನಿನ ಏಜೆಂಟರು ಹೇಳಿಸಿದ ಸುಳ್ಳು ಎಂಬುದು ಸಂಘಟನೆಯ ಉತ್ತರ. ಟೆಹ್ರಾನ್ ಅಂಥ ಕೆಲಸ ಮಾಡದಷ್ಟು ಸಜ್ಜನರ ಊರಲ್ಲ, ಒಪ್ಪೋಣ. ಆದರೆ ಬೇರೆ ಬೇರೆ ದೇಶಗಳಲ್ಲಿರುವ, ಬೇರೆ ಬೇರೆ ವರ್ಷ ಹೊರಬಂದವರ ಮಾತು ಇಷ್ಟು ಹೊಂದುವುದಾದರೆ ನಾನಂತೂ ನಂಬುತ್ತೇನೆ.

ಪ್ರಶ್ನೆ: ಮಸೂದ್ ರಜವಿ ಬದುಕಿದ್ದಾರೆಯೇ? — ಓದುಗರು, ತುಮಕೂರು

ಉತ್ತರ: 2003ರಿಂದ ಯಾರ ಕಣ್ಣಿಗೂ ಬಿದ್ದಿಲ್ಲ. 2016ರ ಪ್ಯಾರಿಸ್ ಸಮಾವೇಶದಲ್ಲಿ ಸೌದಿಯ ರಾಜಕುಮಾರ ತುರ್ಕಿ ಅಲ್ ಫೈಸಲ್ ಅವರನ್ನು ‘ದಿವಂಗತ’ ಎಂದುಬಿಟ್ಟರು. ಸಂಘಟನೆ ಸತ್ತರೆಂದು ಹೇಳಿಲ್ಲ. ಎದುರಿಗೆ ಕಾಣುವ ನಾಯಕಿ ಮರಿಯಮ್ ಅವರೇ.

ಪ್ರಶ್ನೆ: ಇವರ ಸಭೆಗೆ ಬಾಂಬಿಡಲು ಹೋಗಿ ಇರಾನಿನ ರಾಯಭಾರಿ ಸಿಕ್ಕಿಬಿದ್ದ ಪ್ರಕರಣ ಏನಾಯಿತು? — ವಕೀಲರು, ಬೆಳಗಾವಿ

ಉತ್ತರ: ರಾಯಭಾರಿಯಲ್ಲ, ವಿಯೆನ್ನಾದ ಕಚೇರಿಯಲ್ಲಿದ್ದ ರಾಜತಾಂತ್ರಿಕ ಅಸದೊಲ್ಲಾ ಅಸದಿ. 2018ರ ಜೂನ್ ಕೊನೆಯಲ್ಲಿ ಈತ ಲಕ್ಸೆಂಬರ್ಗ್‌ನ ಪಿಜ್ಜಾ ಅಂಗಡಿಯೊಂದರಲ್ಲಿ ಬೆಲ್ಜಿಯಂನ ಇರಾನಿ ಮೂಲದ ದಂಪತಿಗೆ ಒಂದು ಪೊಟ್ಟಣ ದಾಟಿಸಿದ. ಒಳಗೆ ಅರ್ಧ ಕಿಲೋದಷ್ಟು ಟಿಎಟಿಪಿ ಸ್ಫೋಟಕ. ಜೂನ್ 30ರಂದು ಪ್ಯಾರಿಸ್ ಹೊರವಲಯದ ವಿಲ್ಪಿಂತ್ ಸಭಾಂಗಣದಲ್ಲಿ ಸಾವಿರಾರು ಜನ, ವೇದಿಕೆಯ ಮೇಲೆ ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜುಲಿಯಾನಿ. ದಂಪತಿಯ ಕಾರನ್ನು ಪೊಲೀಸರು ಬ್ರಸೆಲ್ಸ್‌ನಲ್ಲೇ ತಡೆದರು. ಅಸದಿ ಮರುದಿನ ಜರ್ಮನಿಯ ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ. ರಾಜತಾಂತ್ರಿಕ ರಕ್ಷಣೆ ಇದ್ದದ್ದು ಆಸ್ಟ್ರಿಯಾದೊಳಗೆ, ಜರ್ಮನಿಯಲ್ಲಲ್ಲ; ವಕೀಲರಾದ ನಿಮಗೆ ಇದು ರುಚಿಸಬಹುದು. ಆಂಟ್‌ವರ್ಪ್ ನ್ಯಾಯಾಲಯ 2021ರ ಫೆಬ್ರುವರಿಯಲ್ಲಿ 20 ವರ್ಷ ಶಿಕ್ಷೆ ವಿಧಿಸಿತು. 2023ರ ಮೇ ತಿಂಗಳಲ್ಲಿ, ಇರಾನ್ ಹಿಡಿದಿಟ್ಟಿದ್ದ ಬೆಲ್ಜಿಯಂನ ಪರಿಹಾರ ಕಾರ್ಯಕರ್ತನಿಗೆ ಬದಲಾಗಿ ಆತನನ್ನು ಬಿಟ್ಟುಕೊಟ್ಟರು.

ಇದೇ ಸಾಲಿಗೆ ಸೇರುವುದು ಹಮೀದ್ ನೂರಿ ಪ್ರಕರಣ. 1988ರ ಜೈಲು ಹತ್ಯೆಗಳಲ್ಲಿ ಪಾಲ್ಗೊಂಡದ್ದಕ್ಕೆ ಸ್ವೀಡನ್ನಿನ ನ್ಯಾಯಾಲಯ 2022ರಲ್ಲಿ ಈತನಿಗೆ ಜೀವಾವಧಿ ವಿಧಿಸಿತು. ಬದುಕುಳಿದವರ ಸಾಕ್ಷ್ಯ ಕೇಳಲೆಂದು ಆ ನ್ಯಾಯಾಲಯ ಕೆಲವು ದಿನ ಅಲ್ಬೇನಿಯಾದ ದುರೆಸ್‌ಗೇ ಬಂದು ಕಲಾಪ ನಡೆಸಿತ್ತು. ಮೂವತ್ತಮೂರು ವರ್ಷ ಕಾದ ಮುದುಕರು ನ್ಯಾಯಾಧೀಶರ ಮುಂದೆ ನಿಂತು ಸತ್ತವರ ಹೆಸರು ಹೇಳಿದರು. 2024ರ ಜೂನ್‌ನಲ್ಲಿ, ಇರಾನಿನಲ್ಲಿ ಬಂಧಿಯಾಗಿದ್ದ ಇಬ್ಬರು ಸ್ವೀಡನ್ ಪ್ರಜೆಗಳು ವಿಮಾನ ಹತ್ತಿದ ದಿನ, ನೂರಿ ಟೆಹ್ರಾನಿನಲ್ಲಿ ಇಳಿದ.