ಏಳು ಆ್ಯಪ್ ಬೇಡ, ಒಂದು ಪುಸ್ತಕ ಹಿಡಿಯಿರಿ

ನಮಸ್ಕಾರ. ಮೂರು ತಿಂಗಳಲ್ಲಿ ಟೋಕಿಯೋಗೆ ಬರುತ್ತಿದ್ದೇನೆ, ಆಫೀಸಿನಲ್ಲಿ ಇಂಗ್ಲಿಷ್ ಸಾಕಂತೆ, ಆದರೂ ಮನೆಯಲ್ಲೇ ಕೂತು ಜಪಾನೀಸ್ ಕಲಿಯಬೇಕು, ಯಾವ ಪುಸ್ತಕ, ಯಾವ ಆ್ಯಪ್ ಅಂತ ಕೇಳಿದ್ದೀರಿ. ಫೋನಿನಲ್ಲಿ ಆಗಲೇ ಏಳು ಆ್ಯಪ್ ಇವೆಯಂತೆ. ಆರನ್ನು ಇವತ್ತೇ ತೆಗೆದುಹಾಕಿ. ನಾನು ಇಲ್ಲಿ ಟೋಕಿಯೋದ ನಿಶಿ-ಕಸಾಯ್‌ಗೆ ಬಂದು ಹನ್ನೆರಡು ವರ್ಷ ಆಯಿತು. ಮೊದಲ ವರ್ಷ ಕಲಿತದ್ದಕ್ಕಿಂತ ಡೌನ್‌ಲೋಡ್ ಮಾಡಿದ್ದೇ ಜಾಸ್ತಿ.

ಮೊದಲು ಲಿಪಿ. ಹಿರಗಾನ ಲಿಪಿಗೆ 46 ಅಕ್ಷರ, ಕತಕಾನ ಲಿಪಿಗೆ 46. ಸಾಲು ನೋಡಿದರೆ ನಗು ಬರುತ್ತದೆ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧರ ಜೊತೆ ಇಲ್ಲಿಗೆ ಬಂದ ಸಂಸ್ಕೃತ ಅಕ್ಷರಗಳ ಕ್ರಮವೇ ಇದಕ್ಕೆ ಮೂಲ. ಎರಡು ವಾರ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಜಪಾನೀಸ್ ಓದುವ ಅಭ್ಯಾಸ ಮಾತ್ರ ಬೇಡ. ಎಷ್ಟೋ ಸಲ ಅದರಲ್ಲಿ ಹ್ರಸ್ವ ದೀರ್ಘ ಕಾಣುವುದೇ ಇಲ್ಲ. ‘ಒಬಸನ್’ ಅಂದರೆ ಚಿಕ್ಕಮ್ಮ, ‘ಒಬಾಸನ್’ ಅಂದರೆ ಅಜ್ಜಿ. ಊರಿಂದ ಬಂದಿದ್ದ ಚಿಕ್ಕಮ್ಮನನ್ನು ಪಕ್ಕದ ಮನೆಯವರಿಗೆ ಅಜ್ಜಿ ಅಂತ ಪರಿಚಯ ಮಾಡಿಕೊಟ್ಟವನು ನಾನು. ಪುಣ್ಯಕ್ಕೆ ಚಿಕ್ಕಮ್ಮನಿಗೆ ಜಪಾನೀಸ್ ಬರುತ್ತಿರಲಿಲ್ಲ.

ಇನ್ನು ಪುಸ್ತಕ. ಎಲ್ಲರೂ ಎರಡು ಹೆಸರು ಹೇಳುತ್ತಾರೆ: ‘ಗೆಂಕಿ’ ಮತ್ತು ‘ಮಿನ್ನಾ ನೊ ನಿಹೊಂಗೊ’. ಮಿನ್ನಾದ ಮುಖ್ಯ ಪುಸ್ತಕ ಪೂರ್ತಿ ಜಪಾನೀಸ್‌ನಲ್ಲೇ ಇದೆ, ವ್ಯಾಕರಣದ ವಿವರಣೆಗೆ ಬೇರೆ ಪುಸ್ತಕ ಕೊಳ್ಳಬೇಕು. ಮೇಷ್ಟ್ರು ಇದ್ದರೆ ಅದು ಒಳ್ಳೆಯದು. ಒಬ್ಬರೇ ಕೂತು ಕಲಿಯುವವರಿಗೆ ಗೆಂಕಿ ವಾಸಿ. ಎರಡು ಭಾಗ, 23 ಪಾಠ, ವಿವರಣೆ ಇಂಗ್ಲಿಷ್‌ನಲ್ಲಿ. 2020ರಲ್ಲಿ ಬಂದ ಮೂರನೇ ಆವೃತ್ತಿಯನ್ನೇ ತೆಗೆದುಕೊಳ್ಳಿ, ಉತ್ತರಗಳ ಪುಸ್ತಕ ಬೇರೆ ಸಿಗುತ್ತದೆ. ಕೇಳಿಸಿಕೊಳ್ಳಲು ಜಪಾನ್ ಫೌಂಡೇಶನ್‌ನವರ ‘ಇರೊದೊರಿ’ ಇದೆ. ಪಾಠ, ಆಡಿಯೋ ಎಲ್ಲ ಪುಕ್ಕಟೆ. ಇಲ್ಲಿ ಬಂದು ಬದುಕುವವರಿಗೆ ಅಂತಲೇ ಮಾಡಿದ್ದು.

ಒಂದು ಕಿವಿಮಾತು. ಈ ಪುಸ್ತಕಗಳು ಇಂಗ್ಲಿಷ್‌ನವರಿಗೆ ಅರ್ಧ ಪುಟ ವಿವರಿಸುವುದು ಕನ್ನಡ ಬರುವ ನಿಮಗೆ ಆಗಲೇ ಗೊತ್ತು. ‘ತಬೆತೆ ಮಿರು’ ಅಂದರೆ ‘ತಿಂದು ನೋಡು’. ಜಪಾನಿನವರಿಗೂ ತಿಂದಮೇಲೆ ನೋಡುವುದೇ! ‘ತಬೆತೆ ಶಿಮತ್ತ’ ಅಂದರೆ ‘ತಿಂದುಬಿಟ್ಟೆ’. ‘ಕತ್ತೆ ಒಕು’ ಅಂದರೆ ‘ಕೊಂಡಿಡು’. (ಹೌದು, ಅವರ ‘ಕತ್ತೆ’ ಅಂದರೆ ಕೊಂಡು. ನಮ್ಮ ಮನೆಯಲ್ಲಿ ಮಕ್ಕಳು ಇದಕ್ಕೆ ಈಗಲೂ ನಗುತ್ತಾರೆ.) ‘ಕಿನೋ ಕತ್ತ ಹೊನ್’ ಅಂದರೆ ‘ನಿನ್ನೆ ಕೊಂಡ ಪುಸ್ತಕ’, ಪದಕ್ಕೆ ಪದ ಅದೇ ಸಾಲು. ‘ನಿ’ಗೆ ನಮ್ಮ ‘ಗೆ’, ‘ಕರ’ಗೆ ‘ಇಂದ’, ‘ತೊ ಈಮಶಿತ’ಗೆ ‘ಅಂತ ಹೇಳಿದರು’. ನಾನು ಪಾಠದ ಪಕ್ಕದಲ್ಲಿ ಪೆನ್ಸಿಲ್‌ನಿಂದ ಕನ್ನಡ ಬರೆದುಕೊಳ್ಳಲು ಶುರುಮಾಡಿದ ಮೇಲೆ ವೇಗ ಬಂತು. ಇಂಗ್ಲಿಷ್ ವಿವರಣೆ ಓದಿ, ತಲೆಯೊಳಗೆ ಕನ್ನಡಕ್ಕೆ ಹೊರಳಿ, ಅಲ್ಲಿಂದ ಜಪಾನೀಸ್‌ಗೆ ಹೋಗಿ. ಹಾಗಂತ ಎಲ್ಲ ಹೊಂದುವುದಿಲ್ಲ. ನಮಗೆ ಒಂದೇ ‘ಇದೆ’ ಸಾಕು. ಅವರಿಗೆ ಕುರ್ಚಿ ಇದ್ದರೆ ‘ಅರು’, ಬೆಕ್ಕು ಇದ್ದರೆ ‘ಇರು’. ವಾಕ್ಯದ ವಿಷಯ, ಕರ್ತೃ ತೋರಿಸುವ ‘ವ’ ಮತ್ತು ‘ಗ’ ಅನ್ನುವ ಎರಡು ಪುಟ್ಟ ಪದಗಳು ನನ್ನ ತಲೆ ಈಗಲೂ ತಿನ್ನುತ್ತವೆ.

ಕಂಜಿಗೆ, ಅಂದರೆ ಚೀನಾದಿಂದ ಬಂದ ಅಕ್ಷರಗಳಿಗೆ, ಹೆದರಿ ಕೂರಬೇಡಿ. ಸರ್ಕಾರದ ದಿನಬಳಕೆಯ ಪಟ್ಟಿಯಲ್ಲೇ 2136 ಇವೆ, ಮೂರು ತಿಂಗಳಲ್ಲಿ ಆಗುವ ಮಾತಲ್ಲ. ಉಳಿಸಿಕೊಳ್ಳಬೇಕಾದ ಆ ಒಂದು ಆ್ಯಪ್ ‘ಅಂಕಿ’. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡ್ ಮತ್ತೆ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಐಫೋನಿನಲ್ಲಿ ದುಡ್ಡು. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡ್ ತುಂಬಿಕೊಳ್ಳಬೇಡಿ, ಪಾಠದಲ್ಲಿ ಸಿಕ್ಕ ಪದ ನೀವೇ ಹಾಕಿ. ಸಸ್ಯಾಹಾರಿ ಆಗಿದ್ದರೆ ಮೊದಲ ಕಾರ್ಡುಗಳು ಇವು: ಮಾಂಸ, ಹಂದಿ, ದನ, ಕೋಳಿ, ಮೀನು, ಮೊಟ್ಟೆ. ಚಿಪ್ಸ್ ಪ್ಯಾಕೆಟ್ಟಿನ ಹಿಂದೆಯೂ ‘ಪೋಕು ಎಕಿಸು’, ಅಂದರೆ ಹಂದಿಮಾಂಸದ ಸಾರ, ಕತಕಾನದಲ್ಲಿ ಕೂತಿರುತ್ತದೆ.

ಜೆಎಲ್‌ಪಿಟಿ, ಅಂದರೆ ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆ, ಬರೆಯಬೇಕಾ ಅಂತಲೂ ಕೇಳಿದ್ದೀರಿ. ಬರೆಯಿರಿ, ತಾರೀಕು ಇದ್ದರೆ ಓದು ಸಾಗುತ್ತದೆ. ಆದರೆ ಅದರಲ್ಲಿ ಮಾತಾಡುವ ಪರೀಕ್ಷೆಯೇ ಇಲ್ಲ. ನಾನು ಎನ್‌4 (ಕೆಳಗಿನಿಂದ ಎರಡನೇ ಹಂತ) ಪಾಸಾದ ತಿಂಗಳೇ ಮಗನಿಗೆ ಜ್ವರ ಬಂತು. ಆಸ್ಪತ್ರೆಯ ಕೌಂಟರ್‌ನಲ್ಲಿ ‘ಯಾವಾಗಿಂದ’ ಅಂತ ಕೇಳಿದ್ದು ಅರ್ಥವಾಯಿತು, ಉತ್ತರ ಬಾಯಿಗೆ ಬರಲಿಲ್ಲ. ಬೆರಳಲ್ಲಿ ಎರಡು ತೋರಿಸಿದೆ. ಎರಡು ದಿನವೋ ಎರಡು ವಾರವೋ ಅವರಿಗೆ ತಿಳಿಯಲಿಲ್ಲ. ಆಮೇಲಿಂದ ಇರೊದೊರಿ ಆಡಿಯೋ ಹಾಕಿಕೊಂಡು, ಸಂಭಾಷಣೆ ನಿಲ್ಲಿಸಿ ನಿಲ್ಲಿಸಿ ನಾನೇ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದೆ. ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಬಂದಮೇಲೆ, ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಲೇಬೇಕು. ಸ್ವಯಂಸೇವಕರು ನಡೆಸುವ ಜಪಾನೀಸ್ ಕ್ಲಾಸ್ ಎಲ್ಲಿದೆ ಅಂತ ಅದೇ ದಿನ ಅಲ್ಲೇ ವಿಚಾರಿಸಿ. ತುಂಬಾ ಕಡೆ ಫೀಸು ಹೆಸರಿಗಷ್ಟೇ. ಹೆಚ್ಚಾಗಿ ನಿವೃತ್ತರಾದ ಹಿರಿಯರೇ ಕಲಿಸುತ್ತಾರೆ. ಗೆಂಕಿ ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ, ಆ ‘ವ’ ಮತ್ತು ‘ಗ’ ಬಗ್ಗೆ ಅವರನ್ನೇ ಕೇಳಿ.