ಪ್ರತಿ: ಶಾಲೆಗೆ ಕೋವಿ ಹಿಡಿದ ಗಾರ್ಡ್, ಪೋಷಕರ ಸಭೆಯಲ್ಲಿ ಏನು ಕೇಳಲಿ?
ಮಣಿಪಾಲದಲ್ಲಿ ಮಗಳ ಶಾಲೆಗೆ ಏಜೆನ್ಸಿಯಿಂದ ಕೋವಿ ಇರುವ ಗಾರ್ಡ್ ಬರುತ್ತಾರೆ, ಶನಿವಾರದ ಸಭೆಯಲ್ಲಿ ಏನು ಕೇಳಲಿ ಎಂದಿದ್ದೀರಿ.

ಮೊದಲು ಏಜೆನ್ಸಿಯ ಲೈಸೆನ್ಸ್ ಕೇಳಿ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಅದು ಬೇಕೇ ಬೇಕು. ಗಾರ್ಡ್ ಆಗುವವರಿಗೆ 18 ತುಂಬಿರಬೇಕು, 65 ತುಂಬಿರಬಾರದು, ಪೂರ್ವಾಪರ ವಿಚಾರಿಸಿರಬೇಕು. ಹೊಸಬರಿಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ತರಬೇತಿ. ಮಾಜಿ ಸೈನಿಕರಿಗೆ ಇದು ಕಡಿಮೆ. ಆದರೆ "ಮಿಲಿಟರಿಯವರು" ಎಂದ ಮಾತ್ರಕ್ಕೆ ಒಪ್ಪಬೇಡಿ, ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕ ನೋಡಿ. ದುರ್ನಡತೆಗಾಗಿ ಸೇನೆಯಿಂದಲೋ ಪೊಲೀಸಿನಿಂದಲೋ ವಜಾ ಆದವರನ್ನು ಇಟ್ಟುಕೊಳ್ಳುವಂತಿಲ್ಲ.

ಕೋವಿಯ ಲೈಸೆನ್ಸ್ ಯಾರ ಹೆಸರಲ್ಲಿದೆ, ರಾತ್ರಿ ಅದು ಎಲ್ಲಿರುತ್ತದೆ? ಇದನ್ನು ಬಿಡಲೇಬೇಡಿ ಮಾರಾಯ್ರೆ. ಸುರತ್ಕಲ್ ಕಡೆಯ ಒಂದು ಶಾಲೆಯಲ್ಲಿ ನಾನೇ ಕಂಡದ್ದು: ಜೋರು ಮಳೆ, ಬಸ್ಸು ರಿವರ್ಸ್ ತೆಗೆಯುತ್ತಿತ್ತು, ಗಾರ್ಡ್ ಕೊಡೆ ಹಿಡಿದು ಸೀಟಿ ಊದಲು ಓಡಿದರು. ಜೋಡುನಳಿಗೆ ಕೋವಿ ಪ್ಲಾಸ್ಟಿಕ್ ಕುರ್ಚಿಗೆ ಒರಗಿತ್ತು. ಎರಡನೇ ಕ್ಲಾಸಿನ ಹುಡುಗನೊಬ್ಬ ಅದರ ಬೆಲ್ಟ್ ಎಳೆಯುತ್ತಿದ್ದ. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಆ ಗಾರ್ಡ್ ಕೆಟ್ಟವರಲ್ಲ. ಗೇಟು, ಬಸ್ಸು, ರಿಜಿಸ್ಟರ್ ಎಲ್ಲವೂ ಅವರೊಬ್ಬರ ತಲೆಗೆ ಕಟ್ಟಿದ್ದರು.

ಆಯುಧವಿದ್ದರೆ ಧೈರ್ಯ ಎನ್ನುವವರೂ ಇರುತ್ತಾರೆ. 2018ರಲ್ಲಿ ಅಮೆರಿಕದ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಜನ ಸತ್ತಾಗ, ಅಲ್ಲೇ ಡ್ಯೂಟಿಯಲ್ಲಿದ್ದ ಬಂದೂಕುಧಾರಿ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ನಾನಾದರೆ ಕೋವಿಯ ಬದಲು ಗೇಟಿಗೆ ಇನ್ನೊಬ್ಬರನ್ನು ಹಾಕಿ, ಸರಿಯಾದ ಸಂಬಳ ಕೊಡಿ ಎನ್ನುತ್ತೇನೆ. ಸಭೆಯಲ್ಲಿ ಏನಾಯ್ತೆಂದು ಇಲ್ಲೇ ತಿಳಿಸಿ.