ಹೊಟ್ಟೆಯ ಉರಿಯೂತ ಕ್ಯಾನ್ಸರ್‌ಗೆ ತಿರುಗುತ್ತಾ?

ತಂದೆಯವರ ಎಂಡೋಸ್ಕೋಪಿ ವರದಿಯಲ್ಲಿ ಎಚ್. ಪೈಲೋರಿ (ಹೊಟ್ಟೆಯಲ್ಲಿ ನೆಲೆಸುವ ಒಂದು ಬ್ಯಾಕ್ಟೀರಿಯಾ), ಹಳೆಯ ಉರಿಯೂತ ಅಂತ ಬಂದಿದೆ, ಇದು ಕ್ಯಾನ್ಸರ್ ಆಗುತ್ತಾ ಎಂದು ಕೇಳಿದ್ದೀರಿ. ಮೊದಲು ಸಮಾಧಾನ ಮಾಡಿಕೊಳ್ಳಿ. ಈ ಬ್ಯಾಕ್ಟೀರಿಯಾ ಇರುವ ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದೇ ಇಲ್ಲ.

ಆದರೆ ಸಂಬಂಧ ಇರುವುದು ನಿಜ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿತು. ಉರಿಯೂತದಲ್ಲಿ, ಬ್ಯಾಕ್ಟೀರಿಯಾ ಕೊಲ್ಲಲು ಬಂದ ಬಿಳಿ ರಕ್ತಕಣಗಳು ಬಿಡುವ ರಾಸಾಯನಿಕಗಳು ಪಕ್ಕದ ನಮ್ಮದೇ ಜೀವಕೋಶಗಳ ಡಿಎನ್‌ಎಯನ್ನೂ ಕೆಡಿಸುತ್ತವೆ. ಗಾಯ ಮುಚ್ಚಲು ಕೋಶಗಳು ಮತ್ತೆ ಮತ್ತೆ ಒಡೆದು ಎರಡಾಗುತ್ತವೆ. ಪ್ರತಿ ಸಲವೂ ತಪ್ಪು ನುಸುಳಬಹುದು. ಹಾಗೆ ದಾರಿ ತಪ್ಪಿದ ಕೋಶ ಹುಟ್ಟಿಕೊಂಡರೆ, ಗಾಯ ವಾಸಿ ಮಾಡುವ ಸಂಕೇತಗಳೇ ಅದನ್ನೂ ಬೆಳೆಸುತ್ತವೆ, ಹೊಸ ರಕ್ತನಾಳ ಕೂಡ ಒದಗಿಸುತ್ತವೆ. ಮನೆ ರಿಪೇರಿಗೆ ಕರೆದ ಮೇಸ್ತ್ರಿ ಕಳ್ಳನಿಗೂ ಒಂದು ಕೋಣೆ ಕಟ್ಟಿಕೊಟ್ಟ ಹಾಗೆ. ಇದಕ್ಕೆಲ್ಲ ಸಾಮಾನ್ಯವಾಗಿ ದಶಕಗಳೇ ಹಿಡಿಯುತ್ತವೆ.

ನನಗೆ ತುಂಬಾ ಅಚ್ಚರಿ ಅನಿಸುವುದು ಮಾಲ್ಟ್ ಲಿಂಫೋಮಾ. ಜಠರದ ಈ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದರೆ, ಎಷ್ಟೋ ಜನರಲ್ಲಿ ಎಚ್. ಪೈಲೋರಿಗೆ ಕೊಡುವ ಆಂಟಿಬಯೋಟಿಕ್‌ನಿಂದಲೇ ಕರಗಿಹೋಗುತ್ತದೆ!

ಡಾಕ್ಟರ್ ಕೊಟ್ಟ ಕೋರ್ಸ್ (ಸಾಮಾನ್ಯವಾಗಿ 14 ದಿನ) ನಡುವೆ ಬಿಡಬೇಡಿ. ಮುಗಿದು ಕನಿಷ್ಠ 4 ವಾರ ಆದಮೇಲೆ, ಬ್ಯಾಕ್ಟೀರಿಯಾ ಹೋಗಿದೆಯಾ ಎಂದು ತಿಳಿಯಲು ಉಸಿರಿನ ಪರೀಕ್ಷೆ ಅಥವಾ ಮಲ ಪರೀಕ್ಷೆ ಮಾಡಿಸಿ. ಅದಕ್ಕೆ 2 ವಾರ ಮೊದಲೇ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಸುಮ್ನೆ ನಿಲ್ಲಿಸದೆ ಕೇಳಿ ನಿಲ್ಲಿಸಿ. ಬಯಾಪ್ಸಿ ವರದಿಯಲ್ಲಿ ‘ಮೆಟಾಪ್ಲೇಸಿಯಾ’ (ಹೊಟ್ಟೆಯ ಒಳಪದರದ ಕೋಶಗಳು ಬೇರೆ ಥರದ ಕೋಶಗಳಾಗಿ ಬದಲಾಗಿರುವುದು) ಎಂದಿದೆಯಾ ನೋಡಿ. ಇದ್ದರೆ ಮುಂದೆ ಎಂಡೋಸ್ಕೋಪಿ ಯಾವಾಗ ಎಂದು ವಿಚಾರಿಸಿ.